ಗಾಲಿಯ ಮೇಲೆ ಎಡಗೈ

೧೯೭೩ರಲ್ಲಿ, ಆರನೆಯ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನಮ್ಮಪ್ಪ ಕುಂದಗೋಳದ ರೈಲು ಸ್ಟೇಶನ್ನಿನಿಂದ ಪ್ಯಾಟಿಯ ಅಂಗಡಿಗಳಿಗೆ ಚಕ್ಕಡಿಯಲ್ಲಿ ಸರಕು ಹೇರುತ್ತಿದ್ದ. ಒಂದು ದಿನ ಅದೇ ಚಕ್ಕಡಿಯ ಗಾಲಿ ಅವನ ಕಾಲಿನ ಮೇಲೆ ಹಾಯಿತು. ಎಲುಬು ಕೂಡಿತು, ಆದರೆ ಮೊದಲಿನ ಹಾಗೆ ಭಾರ ಹೊರುವ ಕಾಲು ಉಳಿಯಲಿಲ್ಲ. ಮನೆಯಲ್ಲಿ ನಾನೇ ಹಿರಿಯ. ಮಾಸ್ತರರು ಮನೆತನಕ ಬಂದು, "ಇವನ ಅಕ್ಷರ ಚಲೋ ಅವ, ಬಿಡಿಸಬ್ಯಾಡ್ರಿ" ಅಂದರು. ಆ ಅಕ್ಷರ ಇಷ್ಟು ವರ್ಷ ಪಂಚರ್ ಆದ ಟ್ಯೂಬಿನ ಮೇಲೆ ಗಿರಾಕಿಯ ಹೆಸರು ಬರೆಯುವುದಕ್ಕೆ ಬಳಕೆಯಾಯಿತು. ಈಗ ಇದನ್ನು ಬರೆಯುವುದಕ್ಕೆ ಬಳಕೆಯಾಗುತ್ತಿದೆ.

ಹೋದ ದೀಪಾವಳಿಗೆ ನನ್ನ ಪಂಚರ್ ಅಂಗಡಿಯನ್ನು ತಂಗಿಯ ಮಗ ಮಂಜುನಾಥನಿಗೆ ಬಿಟ್ಟುಕೊಟ್ಟೆ. ಅವನು ಐಟಿಐ ಕಲಿತವನು, ಕೆಲಸದಲ್ಲಿ ಚುರುಕು. ಅವನ ಕೈಕೆಳಗೆ ಇಬ್ಬರು ಹೊಸಬರು ಇದ್ದಾರೆ. ಈಗಿನ ಕಾರುಗಳಲ್ಲಿ ಗಾಲಿಯೊಳಗೇ ಒಂದು ಸೆನ್ಸರ್ ಕೂತಿರುತ್ತದೆ. ಹವಾ ಕಡಿಮೆಯಾದರೆ ಓಡಿಸುವವನ ಕಣ್ಣಮುಂದೆ ಹಳದಿ ದೀಪ ಹತ್ತುತ್ತದೆ. ಹವಾ ತುಂಬಿ, ರಿಸೆಟ್ ಮಾಡಿ, ಆ ದೀಪ ಆರಿಸುವುದು ಈಗ ಅಂಗಡಿಯ ದಿನದ ಕೆಲಸ. ನಾನು ಬೇವಿನ ಗಿಡದ ಕೆಳಗೆ ಬಾಕಿನ ಮೇಲೆ, ಅಂದರೆ ಕಟ್ಟಿಗೆಯ ಬೆಂಚಿನ ಮೇಲೆ, ಕೂತು ನೋಡುತ್ತಿರುತ್ತೇನೆ. ಕೇಳಿದರೆ ಹೇಳುತ್ತೇನೆ. ಕೇಳದಿದ್ದರೂ ಒಮ್ಮೊಮ್ಮೆ ಹೇಳುತ್ತೇನೆ.

ಮೊನ್ನೆ ಮಂಜುನಾಥ ಕೈ ಒರೆಸಿಕೊಳ್ಳುತ್ತ ಬಂದು ಬಾಜೂ ಕೂತ.

"ಮಾಮಾ, ಒಂದ್ ಮಾತ ಕೇಳ್ತೀನಿ. ನಾವೆಲ್ಲಾ ಹವಾ ನೋಡೂ ಮುಂದ ಗಾಲಿ ಮ್ಯಾಲ ಎಡಗೈ ಯಾಕ ಇಡತೇವಿ?"

"ನೀ ಯಾಕ ಇಡತಿ?"

"ನೀವು ಇಡತೀರಿ, ಅದಕ್ಕ ನಾನೂ ಇಡತೇನಿ. ಈಗ ಈ ಹುಡುಗೋರೂ ಶುರು ಮಾಡ್ಯಾರ."

"ನಾನೂ ಹಂಗ ಕಲತದ್ದು" ಅಂದೆ. ಅವನು ನಕ್ಕು ಎದ್ದುಹೋದ. ಆದರೆ ನನ್ನ ಉತ್ತರ ನನಗೇ ಸಾಲದಾಯಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವವರು ಓದಲಿ.

ನಮ್ಮ ಕಾಲದಲ್ಲಿ ಆ ಹಳದಿ ದೀಪದ ಕೆಲಸವನ್ನು ಒಬ್ಬ ಮನುಷ್ಯ ಮಾಡುತ್ತಿದ್ದ. ಅವರ ಹೆಸರು ಗದಿಗೆಪ್ಪ. ಊರಿಗೆಲ್ಲ ಗದಿಗೆಪ್ಪ ಕಾಕಾ. ಶಾಲೆ ಬಿಟ್ಟ ನಾನು ಕೆಲಸಕ್ಕೆ ಸೇರಿದ್ದು ಅವರ ಹತ್ತಿರ. ಹುಬ್ಬಳ್ಳಿಗೆ ಹೋಗುವ ರಸ್ತೆಯ ಬಾಜೂ, ಈಗ ನಾನು ಕೂಡುವ ಇದೇ ಬೇವಿನ ಗಿಡದ ಕೆಳಗೆ, ಅವರ ತಗಡಿನ ಶೆಡ್ಡು ಇತ್ತು. ಶೆಡ್ಡಿನ ಹಿಂದಿನ ಓಣಿಯಲ್ಲೇ ಮನೆ. ಕುಳ್ಳ ಆಳು, ಹಣೆಯ ತುಂಬ ವಿಭೂತಿ, ಬಲಗಿವಿಯಲ್ಲಿ ಒಂಟಿ ಅನ್ನುವ ಉಂಗುರ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಆರನೆಯ ಇಯತ್ತೆಯವನು ಅವರ ಮುಂದೆ ಪಂಡಿತ. ಅದನ್ನು ಅವರು ಎಲ್ಲರೆದುರು ಹೇಳಿ ಹೇಳಿ ನನ್ನ ಮರ್ಯಾದೆ ತೆಗೆಯುತ್ತಿದ್ದರು. "ನಮ್ಮ ಬಸ್ಯಾ ಓದಿದಾಂವ. ಅದಕ್ಕ ನಟ್ಟು ಬಿಚ್ಚೂ ಪಾನಾ ಎಲ್ಲಿಟ್ಟೇನಿ ಅನ್ನೂದು ನೆನಪಿರೂದಿಲ್ಲ."

ಎಂಬತ್ತರ ದಶಕ ಅಂದರೆ ನನಗೆ ಜಾಲಿಮುಳ್ಳು ನೆನಪಾಗುತ್ತದೆ. ಎರಿ ಹೊಲದ ದಾರಿಯಲ್ಲಿ ಬಂದ ಗಾಡಿಗಳ ಗಾಲಿ ತಿರುವಿ ಮುಳ್ಳು ಕೀಳುವುದೇ ಅರ್ಧ ದಿನದ ಕೆಲಸ. ಹತ್ತಿಯ ಸುಗ್ಗಿಯಲ್ಲಿ ಲಾರಿಗಳು ಸಾಲು ನಿಲ್ಲುತ್ತಿದ್ದವು. ಚಕ್ಕಡಿಗೂ ರಬ್ಬರಿನ ಗಾಲಿ ಬರತೊಡಗಿದ ಕಾಲ ಅದು. ಎತ್ತು ಹೂಡಿದ ಗಾಡಿಗೆ ಪಂಚರ್ ಹಾಕುವಾಗ ನಮ್ಮಪ್ಪ ಕಾಲು ಎಳೆಯುತ್ತ ಬಂದು ನೋಡಿ, "ಹವಾದ ಮ್ಯಾಲ ಎತ್ತು ಓಡತಾವ ಅಂದ್ರ ನಾ ಹುಟ್ಟೂದು ಲಗೂ ಆತು ನೋಡ" ಅನ್ನುತ್ತಿದ್ದ.

ನಮ್ಮಲ್ಲಿ ಸೀಮೆಎಣ್ಣೆಯ ಇಂಜಿನ್ನಿಗೆ ಬೆಲ್ಟು ಹಾಕಿ ಓಡಿಸುವ ಹವಾದ ಟಾಕಿ ಇತ್ತು. ಅಳತೆಯ ಗೇಜು ಇರಲಿಲ್ಲ. ಕಾಕಾ ಕೊಡತಿ ಅನ್ನುವ ಮರದ ಸುತ್ತಿಗೆಯಿಂದ ಗಾಲಿಗೆ ಬಡಿದು, ಕಿವಿಗೊಟ್ಟು ಹವಾ ಹೇಳುತ್ತಿದ್ದರು. ನಮ್ಮೂರಲ್ಲಿ ತಂಬೂರಿಯ ಶ್ರುತಿ ಕೂದಲೆಳೆ ಸರಿದರೂ ಮುಖ ಕಿವುಚುವ ಮಂದಿ ಇದ್ದರು. ಕಾಕಾ ಅವರ ಪೈಕಿ ಅಲ್ಲ, ಹಾಡಿನ ಗೊಡವೆಗೇ ಹೋದವರಲ್ಲ. ಆದರೆ ಗಾಲಿಯ ವಿಷಯದಲ್ಲಿ ಅಂಥದೇ ಕಿವಿ.

ನನಗೆ ಅವರು ಕಲಿಸಿದ ರೀತಿ ಹೇಳಬೇಕು. ಮಧ್ಯಾಹ್ನ ಅವರ ಮನೆಯಲ್ಲೇ ನನ್ನ ಊಟ. ಅವರ ಹೆಂಡತಿ ಶಾಂತವ್ವ ಕಾಕು ಜೋಳದ ರೊಟ್ಟಿ ಬಡಿಯತೊಡಗಿದರೆ ಸಪ್ಪಳ ಶೆಡ್ಡಿನತನಕ ಬರುತ್ತಿತ್ತು. ಕಾಕಾ ನನ್ನ ಕೈಹಿಡಿದು ಕೆಲಸ ನಿಲ್ಲಿಸಿಬಿಡುತ್ತಿದ್ದರು.

"ಕೇಳಲೇ. ಈಗ ಹಿಟ್ಟು ದಪ್ಪ ಐತಿ. ಸಪ್ಪಳ ಹೆಂಗ ಬರತೈತಿ? ಒಳಗ ಕುಂತಂಗ ಬರತೈತಿ ಹೌದಿಲ್ಲೊ? ತಡಿ, ಈಗ ತೆಳ್ಳಗಾತು. ಈಗ ಕೇಳು, ಹೆಂಗ ಮ್ಯಾಲ ಏಳತೈತಿ. ಗಾಲ್ಯಾಗ ದಪ್ಪ ಹಿಟ್ಟಿನ ಸಪ್ಪಳ ಬಂತಂದ್ರ ಗಾಡಿ ಬಿಡಬ್ಯಾಡ."

ಒಳಗಿನಿಂದ ಕಾಕು ಕೂಗುತ್ತಿದ್ದರು: "ರೊಟ್ಟಿ ಕೇಳಿದ್ದು ಸಾಕು, ತಿನ್ನಾಕ ಬರ್ರಿ ಇಬ್ಬರೂ!"

ಹೀಗೆ ರೊಟ್ಟಿಯ ಮೇಲೆ ನನ್ನ ಕಿವಿ ತಯಾರಾಯಿತು. ಲಾರಿಯ ಹಿಂದೆ ಜೋಡಿ ಗಾಲಿ ಇರುತ್ತವೆ, ಹೊರಗೊಂದು, ಒಳಗೊಂದು. ಹೊರಗಿನದನ್ನು ಕಣ್ಣಿಂದಲೂ ನೋಡಬಹುದು. ಒಳಗಿನದು ಇಳಿದಿದ್ದರೂ ಹೊರಗಿನದು ಭಾರ ಹೊತ್ತು ಸುಳ್ಳು ಹೇಳುತ್ತದೆ. ಅಲ್ಲಿ ಕಿವಿಯೇ ಬೇಕು. ಬೆಳಗ್ಗೆ ಹುಬ್ಬಳ್ಳಿಯ ಕಡೆ ಹೊರಡುವ ಗಾಡಿಗಳೆಲ್ಲ ಕಾಕಾನ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದವು. ಅವರು ಸುತ್ತಲೂ ಬಡಿದು, "ಹೋಗ್ರಿ" ಅನ್ನಬೇಕು. ಅನ್ನುವತನಕ ಯಾವ ಡ್ರೈವರನೂ ಗೇರು ಹಾಕುತ್ತಿರಲಿಲ್ಲ. ಅದಕ್ಕೆ ಅವರು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ನಾನು ತಪ್ಪಿದ್ದೂ ಉಂಟು. ಒಮ್ಮೆ ಬ್ಯಾಸಿಗೆಯ ಉರಿಬಿಸಿಲಲ್ಲಿ ನವಲಗುಂದದಿಂದ ಜಮಖಾನದ ಗಂಟು ಹೇರಿಕೊಂಡು ಒಂದು ಮೆಟಾಡೋರ್ ಬಂತು. ಕಾಕಾ ಊಟಕ್ಕೆ ಹೋಗಿದ್ದರು. ನಾನು ಬಡಿದು ನೋಡಿದೆ, ಸಪ್ಪಳ ಭಾಳ ಮೇಲೆ ಏಳುತ್ತಿತ್ತು. ಹವಾ ಜಾಸ್ತಿಯಾಗಿದೆ ಅಂತ ನಾಲ್ಕೂ ಗಾಲಿಯಿಂದ ಚೂರು ಚೂರು ಬಿಟ್ಟು ಕಳಿಸಿದೆ. ಮರುದಿನ ಮುಂಜಾನೆ ತಂಪಿನಲ್ಲಿ ಅದೇ ಗಾಡಿ ಕುಂತ ಎಮ್ಮೆಯಂತೆ ತೇಕುತ್ತ ವಾಪಸು ಬಂತು.

ಡ್ರೈವರ್ ಇಳಿದವನೇ, "ಏನಪಾ ಬಸವಣ್ಣೆಪ್ಪ, ನನ್ನ ಹವಾ ಎಲ್ಲಿ ಬಚ್ಚಿಟ್ಟಿ? ಕೊಡಪಾ ತಮ್ಮಾ, ಮನಿಗೆ ಹೋಗಬೇಕು" ಅಂದ.

ಕಾಕಾ ಅವನೆದುರೇ ನಾಲ್ಕೂ ಗಾಲಿಗೆ ಹವಾ ತುಂಬಿದರು. ಗಾಡಿ ಹೋದ ಮೇಲೆ ನನ್ನ ಕಡೆ ತಿರುಗಿದರು. "ಉರಿಬಿಸಿಲಾಗ ನಡಕೋಂತ ಬಂದಾವನ ಮೈ ಮುಟ್ಟಿ ಜ್ವರಾ ಬಂದೈತಿ ಅಂತಿಯೇನಲೇ? ಮೊದಲ ನೆಳ್ಳಾಗ ಕುಂದ್ರಸು. ನೀರು ಕೊಡು. ಆಮ್ಯಾಲ ಮೈ ಮುಟ್ಟು."

ಓಡಿ ಬಂದ ಗಾಲಿ ಕಾದಿರುತ್ತದೆ, ಕಾದ ಗಾಲಿಯ ಹವಾ ಉಬ್ಬಿರುತ್ತದೆ. ಈಗ ಇದು ಕಾರಿನ ಜೊತೆ ಬರುವ ಪುಸ್ತಕದಲ್ಲೇ ಇದೆ. ನಾನು ಕಲಿತದ್ದು ಹೀಗೆ.

ಎಂಬತ್ತಮೂರೋ ಎಂಬತ್ತನಾಲ್ಕೋ ಇರಬೇಕು, ಬಸ್‌ಸ್ಟ್ಯಾಂಡಿನ ಕಡೆ ಇನ್ನೊಂದು ಅಂಗಡಿ ಆಯಿತು. ಕರೆಂಟಿನ ಕಂಪ್ರೆಸರ್, ಗೋಡೆಗೆ ಬಣ್ಣ, ಕೈಯಲ್ಲಿ ಗೇಜು. ನನಗೆ ಹೊಟ್ಟೆಕಿಚ್ಚು ತಡೆಯಲಿಲ್ಲ. ಹುಬ್ಬಳ್ಳಿಗೆ ಹೋಗಿ ನನ್ನ ಪಗಾರದಲ್ಲೇ ಒಂದು ಗೇಜು ತಂದೆ. ಉದ್ದನೆಯದು, ಮೂತಿ ಬಾಗಿದ್ದು, ಜೋಡಿ ಗಾಲಿಯ ಒಳಗಿನ ವಾಲ್ವಿಗೂ ಮುಟ್ಟುವಂಥದು. ವಾಲ್ವಿಗೆ ಒತ್ತಿದರೆ ಹಿಂದಿನಿಂದ ಒಂದು ಕಡ್ಡಿ ಹೊರಗೆ ಬರುತ್ತದೆ, ಅದರ ಮೇಲೆ ಪೌಂಡಿನ ಅಂಕಿ.

ಕಾಕಾ ಅದನ್ನು ಕೈಯಲ್ಲಿ ತಿರುವಿ ತಿರುವಿ ನೋಡಿದರು. "ಹಾಲು ಹಿಂಡೂ ಹೆಣಮಗಳಿಗೆ ಆಕಳ ಕೆಚ್ಚಲ ತುಂಬೇತಿಲ್ಲೊ ನೋಡಾಕ ಕಡ್ಡಿ ಬೇಕೇನಲೇ?"

"ಕಾಲ ಬದಲಾಗೇತ್ರಿ ಕಾಕಾ."

"ಗಾಲಿ ಬದಲಾಗಿಲ್ಲಲ್ಲ? ದುಂಡಗ ಐತೆಲ್ಲ ಇನ್ನೂ? ಒಯ್ದು ಒಳಗ ಇಡು."

ಹಳೆಯ ಟ್ಯೂಬಿನ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟೆ. ಆ ದಿನ ಊಟಕ್ಕೂ ಹೋಗಲಿಲ್ಲ. ಕಾಕು ರೊಟ್ಟಿ ಪಲ್ಯ ಬುತ್ತಿ ಕಟ್ಟಿ ತಂದು, "ನಿಮ್ಮ ಕಾಕಾಗ ಸಿಟ್ಟು ಮಾಡು, ನನ್ನ ರೊಟ್ಟಿಗ್ಯಾಕ ಮಾಡತಿ?" ಅಂದರು. ತಿಂದೆ.

ಅದರ ಮರುವರ್ಷದಿಂದ ಕಾಕಾ ಹೊಸದೊಂದು ರೀತಿ ಶುರುಮಾಡಿದರು. ಬಲಗೈಯಲ್ಲಿ ಕೊಡತಿ ಬಡಿಯುವಾಗ ಎಡ ಅಂಗೈಯನ್ನು ಗಾಲಿಯ ಮೇಲೆ ಅಗಲವಾಗಿ ಊರುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು. ಒಂದು ಗಳಿಗೆ ಬಿಟ್ಟು "ಹೋಗ್ರಿ". ನನಗೆ ಕೇಳುವ ಧೈರ್ಯವಿರಲಿಲ್ಲ. ದೊಡ್ಡವರು ಮಾಡುತ್ತಾರೆ ಅಂದ ಮೇಲೆ ಅದರಲ್ಲಿ ಏನೋ ಇರುತ್ತದೆ. ನಾನೂ ಎಡಗೈ ಊರತೊಡಗಿದೆ. ಮೊದಮೊದಲು ಕಣ್ಣೂ ಮುಚ್ಚುತ್ತಿದ್ದೆ. ಕಣ್ಣು ಮುಚ್ಚಿದಾಗ ಒಮ್ಮೆ ಕೊಡತಿ ಹೆಬ್ಬೆರಳಿಗೆ ಬಿದ್ದು ಅದನ್ನು ಬಿಟ್ಟೆ.

ನಮ್ಮಿಬ್ಬರನ್ನು ನೋಡಿ ಡ್ರೈವರುಗಳೂ ಕಲಿತರು. ಫಕ್ಕೀರಪ್ಪ ಅಂತ ಒಬ್ಬ ಲಾರಿ ಡ್ರೈವರ್, ಭಾರಿ ಮಾತುಗಾರ. ಅವನು ಮೊದಲು, "ಗಾಲಿಗೆ ಆಶೀರ್ವಾದ ಮಾಡಾಕ ಹತ್ತೀರೇನ್ರಿ ಕಾಕಾ? ನನ್ನ ತಲಿ ಮ್ಯಾಲೂ ಒಂಚೂರು ಇಡ್ರಿ, ಹೇಣತಿ ಮಾತ ಕೇಳವಲ್ಲಳು" ಅಂತ ಚೇಷ್ಟೆ ಮಾಡಿದ. ಒಂದು ತಿಂಗಳಿಗೆ ಅವನೇ ಬೆಳಗ್ಗೆ ಎದ್ದು ತನ್ನ ಲಾರಿಯ ಗಾಲಿಗೆ ಎಡಗೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಹತ್ತುವುದನ್ನು ನಾನು ಕಂಡೆ. ಆಮೇಲೆ ಅಣ್ಣಿಗೇರಿಯ ಕಡೆಯಿಂದ ಬಂದ ಗಾಡಿಯವನೊಬ್ಬ ಹಾಗೆಯೇ ಮಾಡಿದ. ಯಾಕಪಾ ಅಂದರೆ, "ಎಡಗೈ ಇಟ್ಟರ ಪಂಚರ್ ಆಗೂದಿಲ್ಲಂತ್ರಿ" ಅಂದ. ತಾಲೂಕು ದಾಟಿಬಿಟ್ಟಿತ್ತು ಆ ಎಡಗೈ.

ನಿಜ ತಿಳಿಯುವುದಕ್ಕೆ ನನಗೆ ಇನ್ನೂ ಕಾಲ ಬೇಕಾಯಿತು. ಟ್ಯೂಬಿನಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೆ ಅದನ್ನು ಕಿವಿಯ ಹತ್ತಿರ ಹಿಡಿದು ತಿರುವಬೇಕು, ಸುಂಯ್ ಅನ್ನುವುದು ಕೇಳುತ್ತದೆ. ಕಾಕಾ ಈಗ ಕಿವಿಗೆ ಹಿಡಿಯುತ್ತಿರಲಿಲ್ಲ. ತುಟಿ ಒದ್ದೆ ಮಾಡಿಕೊಂಡು ತುಟಿಯ ಹತ್ತಿರ ತಿರುವುತ್ತಿದ್ದರು. ಹಿಂದಿನಿಂದ "ಕಾಕಾ, ಚಹಾ ಬಂತ್ರಿ" ಅಂದರೆ ತಿರುಗುತ್ತಿರಲಿಲ್ಲ. ಮುಂದೆ ಬಂದು ಅಂದರೆ, "ಗೊತ್ತಾತೇಳಲೇ, ಒದರಬ್ಯಾಡ" ಅನ್ನುತ್ತಿದ್ದರು. ಒಂದು ದಿನ ಹವಾದ ಟಾಕಿಯ ಮೇಲಿನ ವಾಲ್ವು ಹಾರಿ ಓಣಿಯ ನಾಯಿಗಳೆಲ್ಲ ಬೊಗಳಿಕೊಂಡು ಓಡಿದವು. ಕಾಕಾ ಟಾಕಿಗೆ ಬೆನ್ನು ಮಾಡಿ ಕೂತು ಅಡಿಕೆ ಕತ್ತರಿಸುತ್ತಲೇ ಇದ್ದರು.

ಆ ಮಧ್ಯಾಹ್ನ ಒಲೆಯ ಮುಂದೆ ಕಾಕುಗೆ ಕೇಳಿದೆ. ಅವರು ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಬಾಗಿಲ ಕಡೆ ಒಮ್ಮೆ ನೋಡಿದರು.

"ಎರಡೂ ಕಿವಿ ಹೋಗ್ಯಾವಪಾ. ಎಡಗಡೀದು ಮೊದಲ ಹೋತು, ಬಲಗಡೀದು ಈಗೀಗ. ನನ್ನ ಮುಂದೂ ಹೇಳಲಿಲ್ಲ. ರಾತ್ರಿ ರೊಟ್ಟಿ ಬಡಿಯೂ ಮುಂದ ಬಂದು ಹಿಟ್ಟು ಬಡಿಯೂ ಕಟಗಿ ಕೊಣಮಿಗಿ ಮ್ಯಾಲ ಕೈ ಇಟ್ಟುಕೊಂಡು ಕುಂದ್ರತಾರ. ಸಪ್ಪಳ ಕೈಯಾಗ ಬರತೈತೇನೋ ಅಂತ ನೋಡತಾರ. ಅದನ್ನ ಕಂಡು ನನಗ ತಿಳೀತು."

"ಹಂಗಾರ ಗಾಲಿ ಮ್ಯಾಲ ಕೈ..."

"ಹೂಂ. ಯಾರ ಮುಂದೂ ಅನಬ್ಯಾಡ ಬಸಣ್ಣ. ಆ 'ಹೋಗ್ರಿ' ಅನ್ನೂದೊಂದು ಹೋದರ ಅವರು ಅಂಗಡಿಗೆ ಕಾಲಿಡಾಂಗಿಲ್ಲ. ಅಂಗಡಿ ಬಿಟ್ಟರ ಮನ್ಯಾಗ ಉಳಿಯೂ ಮನಷ್ಯಾ ಅಲ್ಲ ಅವರು."

ನಾನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಊರಿದ ಎಡಗೈ, ಫಕ್ಕೀರಪ್ಪ ಕಣ್ಣಿಗೊತ್ತಿಕೊಂಡ ಎಡಗೈ, ಕಿವಿ ಹೋದ ಮನುಷ್ಯನೊಬ್ಬ ಮರೆಯಲ್ಲಿ ಹುಡುಕಿಕೊಂಡ ದಾರಿಯಾಗಿತ್ತು. ಮರುದಿನ ಅವರು ಗಾಲಿ ನೋಡುವಾಗ ನಾನು ಅವರ ಮುಖ ನೋಡಿದೆ. ಕಣ್ಣು ಮುಚ್ಚಿ, ಹುಬ್ಬು ಕೂಡಿಸಿ, ಅಂಗೈಯಿಂದ ಕೇಳುತ್ತಿದ್ದರು. ತಪ್ಪುತ್ತಲೂ ಇರಲಿಲ್ಲ. ಹವಾ ಸರಿಯಿದ್ದ ಗಾಲಿ ಬಡಿದಾಗ ಅಂಗೈಯಲ್ಲಿ ಚುರುಕಾಗಿ ನಡುಗುತ್ತದೆ, ಇಳಿದದ್ದು ಮಂದ ಬಡಿಯುತ್ತದೆ. ಗಾಲಿ ಕಾದಿದ್ದರೆ ಅದೂ ತಿಳಿಯುತ್ತದೆ. ಆದರೆ ನನಗೆ ಒಂದೇ ಚಿಂತೆ. ಜೋಡಿ ಗಾಲಿಯಲ್ಲಿ ಒಳಗಿನದಕ್ಕೆ ಅಂಗೈ ಮುಟ್ಟುವುದಿಲ್ಲ.

ಅಂದಿನಿಂದ ಲಾರಿ ಬಂದರೆ ನಾನು ಯಾವುದಾದರೂ ನೆಪ ಮಾಡಿ ಅವರ ಬಾಜೂ ಹೋಗಿ ನಿಲ್ಲುತ್ತಿದ್ದೆ. ಅವರು ಬಡಿಯುವಾಗ ನಾನು ಕೇಳುತ್ತಿದ್ದೆ. ಕೆಲವು ತಿಂಗಳು ಹೀಗೇ ನಡೆಯಿತು.

ಮದುವೆಯ ದಿನಗಳು. ಒಂದು ಮುಂಜಾನೆ ಫಕ್ಕೀರಪ್ಪನ ಲಾರಿ ಬಂದು ನಿಂತಿತು. ಹಿಂದೆ ಜಮಖಾನ ಹಾಸಿ ಹುಡುಗನ ಕಡೆಯವರು ಕೂತಿದ್ದರು, ಹೆಣ್ಣುಮಕ್ಕಳು, ಮುದುಕರು, ತೊಡೆಯ ಮೇಲೆ ಕೂಸುಗಳು. ಕಲಘಟಗಿ ತಾಲೂಕಿನ ದುಮ್ಮವಾಡಕ್ಕೆ ಹೋಗಬೇಕು, ಲಗ್ನ ಅಲ್ಲಿ. ಹುಡುಗನ ಸೋದರಮಾವ ಮುಂದಿನ ಸೀಟಿನಲ್ಲಿ ಕೂತು, "ಇಂಜಿನ್ ಬಂದ್ ಮಾಡಬ್ಯಾಡ, ಆಮ್ಯಾಲ ಚಾಲೂ ಆಗೂದಿಲ್ಲ" ಅಂತ ಗದ್ದಲ ಹಚ್ಚಿದ್ದ. ಇಂಜಿನ್ನಿನ ಸದ್ದಿನಲ್ಲೇ ಕಾಕಾ ಸುತ್ತಲೂ ಬಡಿಯತೊಡಗಿದರು. ನಾನು ಹಿಂದೆಯೇ ಇದ್ದೆ.

ಎಡಬದಿಯ ಜೋಡಿ. ಹೊರಗಿನ ಗಾಲಿಗೆ ಎಡಗೈ ಊರಿ ಬಡಿದರು, ಸರಿಯಿತ್ತು. ಬಗ್ಗಿ, ಕೊಡತಿ ಒಳಗೆ ಚಾಚಿ ಒಳಗಿನದಕ್ಕೆ ಬಡಿದರು. ಎಡಗೈ ಹೊರಗಿನ ಗಾಲಿಯ ಮೇಲೇ ಇತ್ತು. ನನಗೆ ಕೇಳಿಸಿತು. ದಪ್ಪ ಹಿಟ್ಟು.

ಕಾಕಾ ಎದ್ದುನಿಂತು ಕೈ ಎತ್ತಿದರು. "ಹೋಗ್ರಿ."

ಫಕ್ಕೀರಪ್ಪ ಗೇರು ಹಾಕಿದ. ನಾನು ಲಾರಿಯ ಮುಂದೆ ಓಡಿ ಎರಡೂ ಕೈ ಚಾಚಿದೆ.

"ತಡೀಲೇ ಫಕ್ಕೀರಪ್ಪಾ! ಒಳಗಿನ ಗಾಲಿ ಇಳಸಬೇಕಂತ ಕಾಕಾ ಹೇಳ್ಯಾರ!"

"ಈಗರೆ ಹೋಗ್ರಿ ಅಂದ್ರಲ್ಲೋ?"

"ಮಂದೀನ ಇಳಿಸ್ಕೊಂಡು ನೆಳ್ಳಿಗೆ ಹೋಗ್ರಿ ಅಂದ್ರು. ಇಂಜಿನ್ ಸಪ್ಪಳದಾಗ ನಿನಗ ಕೇಳಿಲ್ಲ."

ಸೋದರಮಾವ ಕಿಟಕಿಯಿಂದ ತಲೆ ಹಾಕಿ, "ಮುಹೂರ್ತ ಮೀರಿದರ ನಿಮ್ಮ ಕಾಕಾ ತಾಳಿ ಕಟ್ಟತಾನೇನ?" ಅಂದ. ಹಿಂದಿನಿಂದ ಹೆಣ್ಣುಮಕ್ಕಳು ನಕ್ಕರು. ನಾನು ಕಾಕಾನ ಮುಂದೆ ಬಂದು ನಿಂತೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಏನೋ ಆಗಿದೆ ಅನ್ನುವಷ್ಟು ಮಾತ್ರ ತಿಳಿದಿತ್ತು.

ನಿಧಾನವಾಗಿ, ತುಟಿ ಕಾಣುವಂತೆ ಅಂದೆ: "ನೀವು ಹೇಳಿದಂಗ, ಒಳಗಿನ ಗಾಲಿ ಇಳಸ್ತೀನ್ರಿ ಕಾಕಾ."

ಅವರ ಮುಖದ ಮೇಲೆ ಏನು ಹಾದುಹೋಯಿತು ಅಂತ ಬರೆಯುವಷ್ಟು ನಾನು ಓದಿದವನಲ್ಲ. "ಇಳಸು" ಅಂದರು. ತಾವೇ ಹೋಗಿ ಜಾಕು ತಂದರು.

ಮಂದಿಯೆಲ್ಲ ಬೇವಿನ ಗಿಡದ ನೆರಳಿಗೆ ಬಂದು ಕೂತರು. ಹೊರಗಿನ ಗಾಲಿ ಬಿಚ್ಚಿ ಒಳಗಿನದನ್ನು ಎಳೆದೆವು. ಒಂದು ಮೊಳೆ ನೆಟ್ಟಿತ್ತು, ಹವಾ ಅರ್ಧಕ್ಕರ್ಧ ಇಳಿದಿತ್ತು, ಇಳಿದ ಗಾಲಿಯ ಮೇಲೆ ಓಡಿಸಿ ಬಾಜು ಸೀಳಿ ದಾರಗಳು ಹೊರಗೆ ಬಂದಿದ್ದವು. ಅಷ್ಟು ಮಂದಿಯನ್ನು ಹೇರಿಕೊಂಡು ಕಲಘಟಗಿಯ ಇಳಿಜಾರಿನಲ್ಲಿ ಹೋಗಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಬಿಡಿ. ಸ್ಟೆಪ್ನಿ ಹಾಕಿ ಕಳಿಸಿದೆವು. ಹತ್ತುವ ಮುಂಚೆ ಒಬ್ಬ ಮುದುಕಿ ಕಾಕಾನ ಹತ್ತಿರ ಬಂದು, "ಯಪ್ಪಾ, ನಿನ್ನ ಕಿವಿಗೆ ಇನ್ನೊಂದು ಬಂಗಾರದ ಒಂಟಿ ಹಾಕಬೇಕು" ಅಂತ ಕೈಮುಗಿದಳು. ಕಾಕಾಗೆ ಮಾತು ಕೇಳಲಿಲ್ಲ. ಮುಗಿದ ಕೈ ಕಂಡು ತಾವೂ ಮುಗಿದರು.

ಲಾರಿ ಮರೆಯಾಯಿತು. ಕಾಕಾ ಕೊಡತಿಯನ್ನು ನನ್ನ ಕೈಗೆ ಕೊಟ್ಟು, ಟಾವೆಲ್ ಹೆಗಲಿಗೆ ಹಾಕಿಕೊಂಡು ಓಣಿ ಹಿಡಿದು ಮನೆಗೆ ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗಾಡಿಗಳು ಬಂದು ನಿಲ್ಲುತ್ತಿದ್ದವು. ನಾನು ಬಡಿದು "ಹೋಗ್ರಿ" ಅಂದರೆ ಡ್ರೈವರುಗಳು ಅತ್ತಿತ್ತ ನೋಡುತ್ತಿದ್ದರು. "ಕಾಕಾ ಎಲ್ಲಿ?" "ಜ್ವರ ಬಂದೈತಿ." ಒಬ್ಬಿಬ್ಬರು ಹಾಗೇ ಬಸ್‌ಸ್ಟ್ಯಾಂಡಿನ ಅಂಗಡಿಯ ಕಡೆ ಹೊರಳಿಸಿದರು. ನನಗೆ ಅದು ನೋವಲ್ಲ. ಕಾಕಾ ಕೂಡುವ ಬಾಕು ಖಾಲಿ ಇತ್ತಲ್ಲ, ಅದು ನೋವು.

ಮೂರನೆಯ ಮಧ್ಯಾಹ್ನ ಪೆಟ್ಟಿಗೆಯ ತಳದಿಂದ ಆ ಗೇಜು ತೆಗೆದು ಟ್ಯೂಬಿನ ತುಂಡಿನ ಸಮೇತ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ಹೋದೆ. ಕಾಕಾ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಗೋಡೆಯ ಕಡೆಯೇ ಹೋಗಿ ಎದುರು ಕೂತೆ.

"ನಾ ಬಡದೆ. ಹೋಗ್ರಿ ಅಂದೆ" ಅಂದರು. "ಆ ಲಾರ್ಯಾಗ ಕೂಸುಗೋಳು ಇದ್ದವು ಬಸ್ಯಾ."

"ಹೋಗಲಿಲ್ಲಲ್ರಿ ಲಾರಿ."

"ನೀ ಇದ್ದಿ, ಅದಕ್ಕ ಹೋಗಲಿಲ್ಲ."

"ನಾ ದಿನಾ ಇರತೇನಲ್ರಿ."

ಅವರು ತಲೆ ಅಲ್ಲಾಡಿಸಿದರು. ಒಲೆಯ ಹತ್ತಿರದಿಂದ ಕಾಕು ಎದ್ದು ಬಂದರು, ಕೈಯಲ್ಲಿ ಬಿಸಿ ರೊಟ್ಟಿ. ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತು, ದೊಡ್ಡ ದನಿ ಮಾಡದೆ, ಬಾಯಿ ಅಗಲ ಮಾಡಿ ಮಾತಾಡಿದರು.

"ನನ್ನ ಕಣ್ಣಿಗೆ ಪೊರಿ ಬಂದು ಎಷ್ಟು ದಿನಾತು? ಹಂಚಿನ ಮ್ಯಾಲಿನ ರೊಟ್ಟಿ ನನಗ ಬೆಳ್ಳಗೊಂದು ಕಾಣತೈತಿ, ಅಷ್ಟ. ಸುಡೂದು ಬಿಟ್ಟೇನೇನ? ವಾಸನಿ ಮ್ಯಾಲ ತಿರುವತೇನಿ. ನಿಮ್ಮ ಮುಂದ ಹೇಳಿಲ್ಲ, ನೀವು ಹೇಳಿಲ್ಲಲ್ಲ ಅದಕ್ಕ. ಯಾವತ್ತರೆ ಹೊತ್ತಿಸೇನಿ?"

ಕಾಕಾ ಅವರ ಕಣ್ಣನ್ನು ನೋಡಿದರು. ರೊಟ್ಟಿಯನ್ನು ನೋಡಿದರು. "ಮೊನ್ನೆ ಒಂದು ಹೊತ್ತಿತ್ತು" ಅಂದರು.

"ಒಂದು. ಆಮ್ಯಾಲ ಮರುದಿನಾ ಒಲಿ ಹಚ್ಚೇನಿಲ್ಲೊ?"

ಆಗ ನಾನು ಗೇಜು ತೆಗೆದು ಅವರ ತೊಡೆಯ ಮೇಲೆ ಇಟ್ಟೆ. "ಇದಕ್ಕ ಕಿವಿ ಬ್ಯಾಡ್ರಿ ಕಾಕಾ. ಕಣ್ಣು ಸಾಕು. ಒಳಗಿನ ಗಾಲಿಗೂ ಮುಟ್ಟತೈತಿ."

"ಇದರಾಗ ಬರದದ್ದು ಯಾಂವ ಓದಾಂವ?"

"ಓದೂದು ಬ್ಯಾಡ. ಗೀರು ಹಾಕೂಣು."

ಹೇಗೆ ಹಾಕಿದೆವು ಅನ್ನುವುದನ್ನು ಹೇಳುತ್ತೇನೆ, ಯಾಕಂದರೆ ನಾನು ಮಾಡಿದ ಕೆಲಸಗಳಲ್ಲಿ ನನಗೆ ಅದರ ಮೇಲೇ ಹೆಚ್ಚು ಪ್ರೀತಿ. ಮರುದಿನ ಕಾಕಾ ಬಂದರು. ಲಾರಿಯ ಒಂದು ಗಾಲಿಗೆ ಹವಾ ತುಂಬಿದೆವು. ನಾನು ಬಡಿದು, ಕಿವಿಗೊಟ್ಟು, "ಸರಿ" ಅಂದೆ. ಅವರು ಅಂಗೈ ಊರಿ, "ಇನ್ನೊಂಚೂರು" ಅಂದರು. ಇನ್ನೊಂಚೂರು ಹಾಕಿದೆ. ಇಬ್ಬರದೂ ಒಂದೇ ಆದ ಮೇಲೆ ಗೇಜು ಒತ್ತಿ, ಕಡ್ಡಿ ಎಲ್ಲಿಗೆ ನಿಂತಿತೋ ಅಲ್ಲಿ ಕಬ್ಬಿಣ ಉಜ್ಜುವ ಅರದಿಂದ ಒಂದು ಗೀರು. ಆಮೇಲೆ ಮೆಟಾಡೋರಿಗೆ ಒಂದು, ಕಾರಿಗೆ ಒಂದು. ಕಂಪನಿಯವರ ಅಂಕಿಯ ಮೇಲೆ ಕಾಕಾನ ಗೀರು. ಅದಾದ ಮೇಲೆ ಅವರೇ ಹಂಚಿಕೆ ಹೇಳಿದರು: "ಬಡಿಯೂದು ನೀ, ಕೇಳೂದು ನೀ. ಮುಟ್ಟೂದು ನಾ, ಕಡ್ಡಿ ನೋಡೂದು ನಾ. ಇಬ್ಬರೂ ಹೂಂ ಅಂದ್ರ ಮಾತ್ರ ಹೋಗ್ರಿ."

"ಹೋಗ್ರಿ ಅನ್ನೂದು ಯಾರ್ರಿ?"

"ಅದು ನಾನ ಅನ್ನಾಂವ. ಅದರಾಗ ಪಾಲಿಲ್ಲ."

ಅವರ ಕಿವಿಯ ಸುದ್ದಿ ನಾನು ಹೇಳಲಿಲ್ಲ. ಕಾಕು ಹೇಳಲಿಲ್ಲ. ಆದರೆ ಮೊದಲೆಲ್ಲ ಸೀಟಿನಲ್ಲಿ ಕೂತೇ ಒದರುತ್ತಿದ್ದ ಡ್ರೈವರುಗಳು ಕೆಲವು ದಿನಗಳಲ್ಲಿ ಕೆಳಗಿಳಿದು, ಕಾಕಾನ ಎದುರು ಬಂದು ನಿಂತು, ಮಾತಾಡತೊಡಗಿದರು. ಫಕ್ಕೀರಪ್ಪನಂಥ ಫಕ್ಕೀರಪ್ಪ ನಿಧಾನವಾಗಿ ಮಾತಾಡುವುದನ್ನು ಕಲಿತ. ಬಸ್‌ಸ್ಟ್ಯಾಂಡಿನ ಕಡೆ ಹೊರಳಿದವರೂ ತಿರುಗಿ ಬಂದರು. ಗಾಲಿಗೆ ಎಡಗೈ ಮುಟ್ಟಿಸುವುದನ್ನು ಮಾತ್ರ ಯಾರೂ ಬಿಡಲಿಲ್ಲ.

ಹೀಗೆ ನಾವಿಬ್ಬರೂ ಸೇರಿ ಒಬ್ಬ ಪೂರಾ ಮನುಷ್ಯನಾಗಿ ಆ ದಶಕವನ್ನೂ ಇನ್ನೂ ಕೆಲವು ವರ್ಷಗಳನ್ನೂ ಕಳೆದೆವು. ಕಾಕಾ ತೀರಿಕೊಂಡಾಗ ರಸ್ತೆಯಲ್ಲಿ ಲಾರಿಗಳು ನಿಂತಿದ್ದವು. ಯಾರೂ ಹಾರ್ನ್ ಹೊಡೆಯಲಿಲ್ಲ. ಅಂಗಡಿ ನನಗೆ ಬಂತು, ಟ್ಯೂಬಿಲ್ಲದ ಟೈರು ಬಂತು, ಕರೆಂಟಿನ ಮಶೀನು ಬಂತು, ಕೊನೆಗೆ ಈ ಹಳದಿ ದೀಪವೂ ಬಂತು.

ಈಗ ಹೊಸಬರಿಗೆ ಒಂದೇ ಮಾತು. ಹೋದ ವಾರ ಹುಬ್ಬಳ್ಳಿಯಿಂದ ಓಡಿ ಬಂದ ಕಾರು ನಿಂತ ಕೂಡಲೇ ಹವಾ ನೋಡಿ, ರಿಸೆಟ್ ಒತ್ತಿ ಕಳಿಸಿದಿರಿ. ಮರುದಿನ ಮುಂಜಾನೆ ದೀಪ ಮತ್ತೆ ಹತ್ತಿತು. ನಿಮ್ಮದು ದೊಡ್ಡ ತಪ್ಪಲ್ಲ, ನಾನೂ ಮಾಡಿದ್ದೇ. ಮೊದಲು ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ಗಾಲಿ ತಣ್ಣಗಾಗಲಿ. ಸ್ಟೆಪ್ನಿ ಸಮೇತ ಎಲ್ಲದರ ಹವಾ ಅಳೆಯಿರಿ, ತುಂಬಿರಿ, ಆಮೇಲೆ ಒತ್ತಿರಿ. ಕೆಲವು ಕಾರು ನೀವು ಒತ್ತಿದ ಗಳಿಗೆಯಲ್ಲಿ ಗಾಲಿ ಹೇಗಿದೆಯೋ ಅದನ್ನೇ ಸರಿ ಅಂತ ನೆನಪಿಟ್ಟುಕೊಳ್ಳುತ್ತವೆ. ತಪ್ಪು ಇದ್ದಾಗ ಒತ್ತಿದರೆ ತಪ್ಪನ್ನೇ ಕಲಿಯುತ್ತವೆ, ಆಮೇಲೆ ದೀಪ ಸುಮ್ಮನಿದ್ದುಬಿಡುತ್ತದೆ. ತಣ್ಣಗಾಗಿದೆಯೋ ಇಲ್ಲವೋ ನೋಡುವುದಕ್ಕೆ ಎಡಗೈ ಇಡಿ. ಮಂಜುನಾಥ, ನೀನು ಕೇಳಿದ್ದಕ್ಕೆ ಉತ್ತರ ಇದು, ಉಳಿದ ಉತ್ತರ ಮೇಲೆ ಬರೆದಿದ್ದೇನೆ.

ಇನ್ನು ನನ್ನದು. ಸ್ವಂತದ ಎರಡು ಕೋಣೆಯ ಮನೆ. ಹೆಂಡತಿ. ಗಂಡನ ಮನೆಯಲ್ಲಿ ಸುಖವಾಗಿರುವ ಇಬ್ಬರು ಹೆಣ್ಣುಮಕ್ಕಳು. ಒಂದು ಸೈಕಲ್ಲು. ಹಿಡಿ ಬದಲಾದ ಒಂದು ಕೊಡತಿ. ಮೂರು ಗೀರಿನ ಒಂದು ಗೇಜು. ಎರಡು ಕಿವಿ, ಅದರಲ್ಲಿ ಬಲಗಡೆಯದು ಈ ವರ್ಷದಿಂದ ಮಂದವಾಗಿದೆ. ಎರಡು ಅಂಗೈ, ಎರಡೂ ಚಲೋ ಇವೆ.